ಕೊನೆ ವರ್ಷದ ಮಕ್ಕಳಿಗೆ ಆನರ್ಸ್ ಮಾದರಿ ಪ್ರಾಜೆಕ್ಟ್: 16 ವಾರದಲ್ಲಿ ಎಷ್ಟು ಮಾಡಿಸಬಹುದು?

ಕೈವಾರ_ಕೆಮಿಸ್ಟ್ರಿ (ಚಿಂತಾಮಣಿ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಚಿಂತಾಮಣಿ ಕಡೆಯ ಒಂದು ಪದವಿ ಕಾಲೇಜಿನಲ್ಲಿ ಬರುವ ಸೆಮಿಸ್ಟರಿನಿಂದ ಕೊನೆ ವರ್ಷದ 12 ಮಕ್ಕಳಿಗೆ (ಬಿಎಸ್ಸಿ 8, ಬಿಎ 4) ಆನರ್ಸ್ ಮಾದರಿಯ ಸ್ವತಂತ್ರ ಪ್ರಾಜೆಕ್ಟ್ ಮಾಡಿಸಲು ಪ್ರಿನ್ಸಿಪಾಲರು ಒಪ್ಪಿದ್ದಾರೆ. ಸಿಗುವ ಸಮಯ 16 ವಾರ, ಶನಿವಾರ ಮಧ್ಯಾಹ್ನ ನಾಲ್ಕು ಗಂಟೆ. ಲ್ಯಾಬಿನಲ್ಲಿ ಫಿಲ್ಟರ್ ಕಲರಿಮೀಟರ್ (ದ್ರಾವಣದ ಬಣ್ಣದ ಗಾಢತೆ ಅಳೆಯುವ ಯಂತ್ರ), ಪಿಹೆಚ್ ಮೀಟರ್, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) ಪೆನ್, ಡಿಸ್ಟಿಲ್ಡ್ ವಾಟರ್ ಘಟಕ ಇವೆ. ಫ್ಲೋರೈಡ್ ಎಲೆಕ್ಟ್ರೋಡ್ ಇಲ್ಲ.

ಬಿಎಸ್ಸಿ ಮಕ್ಕಳು ಬರೆದುಕೊಟ್ಟ ವಿಷಯ "ಚಿಕ್ಕಬಳ್ಳಾಪುರ ಜಿಲ್ಲೆಯ ಅಂತರ್ಜಲದ ಗುಣಮಟ್ಟ". ಬಿಎ ಮಕ್ಕಳದು "ನಮ್ಮ ಭಾಗದ ಜನಪದ ಕಲೆಗಳು", ಅದನ್ನು ಪ್ರಬಂಧವಾಗಿ ಬರೆಯದೆ ಆಡಿಯೋ ಸಾಕ್ಷ್ಯಚಿತ್ರದ ರೂಪದಲ್ಲಿ ಮಾಡುವ ಆಸೆ. ಎರಡೂ ದೊಡ್ಡದಾಯಿತು ಅಂತ ಗೊತ್ತು, ಎಲ್ಲಿ ಕತ್ತರಿಸಬೇಕು ಅನ್ನೋದೇ ಪ್ರಶ್ನೆ. ಕಲರಿಮೀಟರಿನಲ್ಲಿ ಅಳೆದ ಫ್ಲೋರೈಡ್ ಅಂಕಿಯನ್ನು ನಂಬಬಹುದೇ? ಆಡಿಯೋ ಕೆಲಸಕ್ಕೆ ಅಂಕ ಕೊಡೋದು ಹೇಗೆ? ಇದಕ್ಕೆ "ಆನರ್ಸ್" ಅನ್ನೋ ಹೆಸರು ಬಳಸಬಹುದೇ? ಬಲ್ಲವರು ದಯವಿಟ್ಟು ತಿಳಿಸಿ.

ಟಮಕ_ರಸ್ತೆ (ಕೋಲಾರ) ಉತ್ತರ:

ಹೆಸರಿನ ವಿಚಾರ ಮೊದಲು ಮುಗಿಸೋಣ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಡಿಸೆಂಬರಿನಲ್ಲಿ ಕೊಟ್ಟ ಕ್ರೆಡಿಟ್ ಚೌಕಟ್ಟಿನಲ್ಲಿ ಆನರ್ಸ್ ಅಂದರೆ ನಾಲ್ಕು ವರ್ಷ, 160 ಕ್ರೆಡಿಟ್. ಮೊದಲ ಆರು ಸೆಮಿಸ್ಟರಿನಲ್ಲಿ ಶೇ. 75 ಅಥವಾ ಹೆಚ್ಚು ತೆಗೆದವರು ನಾಲ್ಕನೇ ವರ್ಷದಲ್ಲಿ 12 ಕ್ರೆಡಿಟ್‌ನ ಸಂಶೋಧನಾ ಪ್ರಾಜೆಕ್ಟ್ ಮಾಡಿದರೆ "ಸಂಶೋಧನೆಯೊಂದಿಗೆ ಆನರ್ಸ್". ನಮ್ಮ ರಾಜ್ಯದಲ್ಲಿ 2021-22ರಲ್ಲಿ ಶುರುವಾದ ಆ ಪದ್ಧತಿಯನ್ನು ಬಿಟ್ಟು 2024-25ರ ಪ್ರವೇಶದಿಂದ ಮತ್ತೆ ಮೂರು ವರ್ಷದ ಪದವಿಗೆ ಬಂದಿದ್ದೇವೆ. ಹಾಗಾಗಿ ಕಾಲೇಜು ತಾನಾಗಿ ನಡೆಸುವ ಕಾರ್ಯಕ್ರಮದ ಪ್ರಮಾಣಪತ್ರದಲ್ಲಿ "ಆನರ್ಸ್" ಅಂತ ಅಚ್ಚು ಹಾಕಬೇಡಿ. ಮುಂದೆ ಎಂಎಸ್ಸಿ ಪ್ರವೇಶದ ಹೊತ್ತಿಗೆ ಮಗು ಅದನ್ನು ಪದವಿಯ ಹೆಸರು ಅಂದುಕೊಂಡು ಅರ್ಜಿಯಲ್ಲಿ ತುಂಬಿಬಿಟ್ಟರೆ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಕೊಳ್ಳುತ್ತೆ. "ವಿದ್ಯಾರ್ಥಿ ಸಂಶೋಧನಾ ಪ್ರಾಜೆಕ್ಟ್" ಅಂತಿದ್ದರೆ ಸಾಕು.

ಕತ್ತರಿಸೋದನ್ನು ಗಂಟೆ ಲೆಕ್ಕದಿಂದ ಶುರು ಮಾಡಿ. ಪ್ರಾಯೋಗಿಕ ಕೆಲಸದಲ್ಲಿ ಒಂದು ಕ್ರೆಡಿಟ್‌ಗೆ ಸೆಮಿಸ್ಟರಿನಲ್ಲಿ 30 ಗಂಟೆ. 12 ಕ್ರೆಡಿಟ್ ಅಂದರೆ 360 ಗಂಟೆ. ನಿಮ್ಮ ಕೈಲಿರೋದು 16 ವಾರ, ವಾರಕ್ಕೆ 4 ಗಂಟೆ, ಒಟ್ಟು 64. ಎರಡು ಕ್ರೆಡಿಟ್‌ನ ಕೆಲಸ, ಪೂರ್ತಿ ಆನರ್ಸ್ ಪ್ರಾಜೆಕ್ಟಿನ ಐದನೇ ಒಂದು ಭಾಗಕ್ಕೂ ಕಡಿಮೆ. ಮಕ್ಕಳು ನೋಡಿಕೊಂಡಿರೋದು ಮೂರು-ನಾಲ್ಕು ವರ್ಷದ ಪಿಎಚ್‌ಡಿ ಶೀರ್ಷಿಕೆಗಳನ್ನು, ಅದಕ್ಕೇ ವಿಷಯದಲ್ಲಿ ಇಡೀ ಜಿಲ್ಲೆ ಬಂದು ಕೂತಿರೋದು. ಮೊದಲ ಶನಿವಾರವೇ ಈ ಲೆಕ್ಕವನ್ನು ಬೋರ್ಡ್ ಮೇಲೆ ಅವರ ಕೈಯಲ್ಲೇ ಮಾಡಿಸಿ. ಅದರಲ್ಲೂ ಬರವಣಿಗೆ ಮತ್ತು ವೈವಾಕ್ಕೆ ಮೂರು ವಾರ, ಓದು ಮತ್ತು ಅಭ್ಯಾಸಕ್ಕೆ ಐದು ವಾರ ತೆಗೆದರೆ ಮಾಹಿತಿ ಕಲೆಹಾಕಲು ಉಳಿಯೋದು ಎಂಟೇ ಶನಿವಾರ.

ಆಮೇಲೆ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಸಿ, ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರಲೇಬೇಕು. "ಗುಣಮಟ್ಟದ ಅಧ್ಯಯನ" ಅನ್ನೋದು ಪ್ರಶ್ನೆಯೇ ಅಲ್ಲ, ಅದಕ್ಕೆ ಹೌದು ಅಂತಲೂ ಅಲ್ಲ ಅಂತಲೂ ಉತ್ತರ ಬರಲ್ಲ.

ಓದಲು: ಸರ್ಕಾರಿ ಕಾಲೇಜಾದರೆ 2025ರ ಜನವರಿಯಲ್ಲಿ ಶುರುವಾದ "ಒಂದು ದೇಶ ಒಂದು ಚಂದಾ" ಯೋಜನೆಯಲ್ಲಿ ಜರ್ನಲ್‌ಗಳು ಸಿಗುತ್ತವೆ, ಲೈಬ್ರರಿಯನ್ ಹತ್ತಿರ ಲಾಗಿನ್ ಕೇಳಿ. ಶೋಧಗಂಗಾದಲ್ಲಿ ನಮ್ಮ ಜಿಲ್ಲೆಗಳ ನೀರಿನ ಮೇಲಿನ ಪಿಎಚ್‌ಡಿ ಪ್ರಬಂಧಗಳನ್ನು ಹುಡುಕಬಹುದು. ಒಬ್ಬೊಬ್ಬರಿಗೆ ನಾಲ್ಕು ಲೇಖನ ಸಾಕು, ಆದರೆ "ವಿಧಾನ" ಭಾಗವನ್ನು ಸಾಲು ಸಾಲಾಗಿ ಓದಿರಬೇಕು.

ನೀರ್_ಲೆಕ್ಕ (ಪಾವಗಡ) ಉತ್ತರ:

ಕಲರಿಮೀಟರಿನಲ್ಲಿ ಫ್ಲೋರೈಡ್ ನಂಬುವ ಹಾಗೆ ಬರುತ್ತೆ ಮೇಡಂ/ಸರ್, ಸ್ಪ್ಯಾಡ್ನ್ಸ್ ಅನ್ನೋ ಬಣ್ಣದ ರಾಸಾಯನಿಕ ಬಳಸುವ ವಿಧಾನದಲ್ಲಿ. ಆದರೆ ಮೊದಲು ಪ್ರಶ್ನೆ ಹೀಗೆ ಇಟ್ಟುಕೊಳ್ಳಿ: ನಿಮ್ಮ ಸುತ್ತಿನ 10 ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳು ಫ್ಲೋರೈಡನ್ನು ಲೀಟರಿಗೆ 1.0 ಮಿಲಿಗ್ರಾಂಗಿಂತ ಕೆಳಗೆ ತರುತ್ತಿವೆಯೇ, ಮತ್ತು ಟಿಡಿಎಸ್ ಪೆನ್ ನೋಡಿ ಅದನ್ನು ಹೇಳಲು ಆಗುತ್ತದೆಯೇ? ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಫ್ಲೋರೈಡಿಗೆ 1.0 ಅಪೇಕ್ಷಿತ ಮಿತಿ, ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5ರ ತನಕ. ಊರಲ್ಲಿ ಎಲ್ಲರೂ ಪೆನ್ ಅದ್ದಿ "ಇನ್ನೂರೈವತ್ತು ಇದೆ, ಒಳ್ಳೆ ನೀರು" ಅಂತಾರೆ. ಪೆನ್ ಅಳೆಯೋದು ವಿದ್ಯುತ್ ವಾಹಕತೆಯನ್ನು, ಅದಕ್ಕೊಂದು ಗುಣಕ ಹಾಕಿ ಟಿಡಿಎಸ್ ತೋರಿಸುತ್ತೆ. 400ರ ಒಳಗೆ 2 ಮಿಲಿಗ್ರಾಂ ಫ್ಲೋರೈಡ್ ಇದ್ದರೂ ಅದಕ್ಕೆ ಬೇರೆಯಾಗಿ ಕಾಣಲ್ಲ. ಇದು ಮನೆಮನೆಗೂ ಬೇಕಾದ ಪ್ರಶ್ನೆ, ಮಕ್ಕಳು ಮನಸ್ಸಿಟ್ಟು ಮಾಡುತ್ತಾರೆ.

ಪ್ರತಿ ಘಟಕದಲ್ಲಿ ಮೂರು ಬಾಟಲಿ: ಬೋರಿನಿಂದ ಬರುವ ನೀರು, ಶುದ್ಧ ನೀರು, ಹೊರಗೆ ಬಿಡುವ ವೇಸ್ಟ್ ನೀರು. ಒಂದು ಶನಿವಾರಕ್ಕೆ ಐದು ಘಟಕ, ಅಂದರೆ 15 ಬಾಟಲಿ, ಜೊತೆಗೆ ಎರಡು ಗುಟ್ಟಿನ ಜೋಡಿ ಬಾಟಲಿ (ಅದೇ ನೀರು, ಬೇರೆ ನಂಬರ್, ಅಳೆಯುವವರಿಗೆ ಗೊತ್ತಿರಬಾರದು). ಮುಂದಿನ ಶನಿವಾರ ಅಳತೆ. ಪ್ಲಾಸ್ಟಿಕ್ ಬಾಟಲಿಯಲ್ಲಿ ಫ್ಲೋರೈಡ್ 28 ದಿನ ಕೆಡದೆ ಇರುತ್ತೆ, ಅವಸರ ಬೇಡ. ನೈಟ್ರೇಟನ್ನೂ ಸೇರಿಸೋಣ ಅಂತ ಯಾರಾದರೂ ಅಂದರೆ ಬೇಡ ಅನ್ನಿ: ಅದನ್ನು ತಣ್ಣಗಿಟ್ಟು 48 ಗಂಟೆಯೊಳಗೆ ಅಳೆಯಬೇಕು, ನಿಮ್ಮ ಶನಿವಾರಕ್ಕೆ ಅದು ಹೊಂದಲ್ಲ.

ರೀಏಜೆಂಟ್: 958 ಮಿಲಿಗ್ರಾಂ ಸ್ಪ್ಯಾಡ್ನ್ಸ್ 500 ಮಿಲಿ ಡಿಸ್ಟಿಲ್ಡ್ ನೀರಿನಲ್ಲಿ. ಬೇರೆಯಾಗಿ 133 ಮಿಲಿಗ್ರಾಂ ಜಿರ್ಕೋನಿಲ್ ಕ್ಲೋರೈಡ್ ಆಕ್ಟಾಹೈಡ್ರೇಟನ್ನು ಸುಮಾರು 25 ಮಿಲಿ ನೀರಿನಲ್ಲಿ ಕರಗಿಸಿ, 350 ಮಿಲಿ ಗಾಢ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ, 500ಕ್ಕೆ ತುಂಬಿಸಿ. ಎರಡನ್ನೂ ಸಮಸಮ ಬೆರೆಸಿದರೆ ಒಂದು ಲೀಟರ್. ಇದನ್ನು ಮಕ್ಕಳ ಕೈಗೆ ಕೊಡಬೇಡಿ, ಫ್ಯೂಮ್ ಹುಡ್‌ನಲ್ಲಿ ನೀವೇ ಮಾಡಿ. ಬೆಳಕು ಬೀಳದ ಬಾಟಲಿಯಲ್ಲಿಟ್ಟರೆ ಸೆಮಿಸ್ಟರ್ ಪೂರ್ತಿ ಬರುತ್ತೆ. ಪುಸ್ತಕದಲ್ಲಿ 50 ಮಿಲಿ ನೀರಿಗೆ 10 ಮಿಲಿ ರೀಏಜೆಂಟ್ ಅಂತಿರುತ್ತೆ. ನೀವು 25ಕ್ಕೆ 5 ಹಾಕಿ. ಅಭ್ಯಾಸವೂ ಸೇರಿ ಸುಮಾರು 140 ಅಳತೆ ಆಗುತ್ತೆ, ತಲಾ 5 ಮಿಲಿಯಂತೆ 700 ಮಿಲಿ, ಒಂದೇ ಲೀಟರಿನಲ್ಲಿ ಮುಗಿಯುತ್ತೆ. ನಡುವೆ ಹೊಸದಾಗಿ ರೀಏಜೆಂಟ್ ಮಾಡಿದರೆ ಬಣ್ಣದ ಗಾಢತೆ ಸ್ವಲ್ಪ ಬದಲಾಗುತ್ತೆ, ಹಳೇ ಗ್ರಾಫ್ ಇಟ್ಟುಕೊಂಡು ಹೊಸ ಅಳತೆ ಓದುವ ತಪ್ಪು ಅಲ್ಲೇ ನುಸುಳೋದು.

ಸ್ಟ್ಯಾಂಡರ್ಡ್ (ಫ್ಲೋರೈಡ್ ಎಷ್ಟಿದೆ ಅಂತ ಮೊದಲೇ ಗೊತ್ತಿರುವ ದ್ರಾವಣ): 221 ಮಿಲಿಗ್ರಾಂ ಒಣ ಸೋಡಿಯಂ ಫ್ಲೋರೈಡ್ ಒಂದು ಲೀಟರಿಗೆ, ಅಂದರೆ ಲೀಟರಿಗೆ 100 ಮಿಲಿಗ್ರಾಂ ಫ್ಲೋರೈಡ್. ಅದನ್ನು ಹತ್ತು ಪಟ್ಟು ತೆಳು ಮಾಡಿ 10ಕ್ಕೆ ತನ್ನಿ. ಅದರಿಂದ 0, 1, 2, ಹೀಗೆ 7 ಮಿಲಿ ತನಕ ತೆಗೆದು 50ಕ್ಕೆ ತುಂಬಿಸಿದರೆ 0ಯಿಂದ 1.4ರ ತನಕ ಎಂಟು ಸ್ಟ್ಯಾಂಡರ್ಡ್ ಆಯಿತು. ತರಂಗಾಂತರ 570 ನ್ಯಾನೋಮೀಟರ್, ಫಿಲ್ಟರ್ ಯಂತ್ರವಾದರೆ 550ರಿಂದ 580ರ ನಡುವಿನ ಹಸಿರು-ಹಳದಿ ಫಿಲ್ಟರ್. ಇಲ್ಲಿ ಬಣ್ಣ ತಿರುಗಾಮುರುಗಾ: ಫ್ಲೋರೈಡ್ ಹೆಚ್ಚಿದಷ್ಟೂ ಕೆಂಪು ಮಾಸುತ್ತೆ, ಗ್ರಾಫ್ ಇಳಿಜಾರು. ಮಕ್ಕಳು ಕಬ್ಬಿಣದ ಪ್ರಯೋಗದಲ್ಲಿ ಮಾಡಿದ ಹಾಗೆ ಏರುಗೆರೆ ಬರಲಿಲ್ಲ ಅಂತ ಗಾಬರಿಯಾಗುತ್ತಾರೆ, ಮೊದಲೇ ಹೇಳಿಡಿ.

ಎಡವೋ ಜಾಗಗಳು ಇನ್ನೂ ಇವೆ. ಫ್ರಿಜ್‌ನಿಂದ ತೆಗೆದ ತಕ್ಷಣ ಅಳೆಯೋದು ದೊಡ್ಡ ತಪ್ಪು, ಸ್ಟ್ಯಾಂಡರ್ಡೂ ಸ್ಯಾಂಪಲ್ಲೂ ಒಂದೇ ಬಿಸಿಯಲ್ಲಿರಬೇಕು, 2 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬೇಡ. ಕ್ಲೋರಿನ್ ಹಾಕಿದ ನಲ್ಲಿ ನೀರನ್ನು ತರಬೇಡಿ, ಕ್ಲೋರಿನ್ ಬಣ್ಣವನ್ನೇ ತಿನ್ನುತ್ತೆ. ಅದನ್ನು ತೆಗೆಯಲು ಪುಸ್ತಕ ಹೇಳೋ ಸೋಡಿಯಂ ಆರ್ಸೆನೈಟ್ ಕಡುವಿಷ, ಪದವಿ ಲ್ಯಾಬಿಗೆ ಅದು ಬೇಡವೇ ಬೇಡ. 1.4 ದಾಟಿದ ಅಳತೆಯನ್ನು ಗ್ರಾಫ್ ಎಳೆದು ಊಹಿಸಬೇಡಿ. ಶುದ್ಧ ನೀರನ್ನು ಹಾಗೇ, ಬೋರ್ ನೀರನ್ನು ಎರಡು ಪಟ್ಟು, ವೇಸ್ಟ್ ನೀರನ್ನು ಐದು ಪಟ್ಟು ತೆಳು ಮಾಡಿಯೇ ಶುರು ಮಾಡಿ.

ನಂಬಿಕೆಗೆ ಎರಡು ಪರೀಕ್ಷೆ. ಒಂದು: 50 ಮಿಲಿ ಬೋರ್ ನೀರನ್ನು 100ಕ್ಕೆ ತುಂಬಿಸಿ ಓದಿ. ಇನ್ನೊಂದು ಫ್ಲಾಸ್ಕಿಗೆ ಅದೇ ನೀರು 50 ಮಿಲಿ, 10ರ ಸ್ಟ್ಯಾಂಡರ್ಡ್ 5 ಮಿಲಿ ಹಾಕಿ 100ಕ್ಕೆ ತುಂಬಿಸಿ ಓದಿ. ವ್ಯತ್ಯಾಸ 0.5 ಬರಬೇಕು. 0.45ರಿಂದ 0.55ರೊಳಗೆ ಬಂದರೆ ಆ ದಿನದ ಅಳತೆ ಸರಿ, ಇಲ್ಲವಾದರೆ ಆ ದಿನದ್ದೆಲ್ಲ ಮತ್ತೆ ಮಾಡಿ. ಮೂಲ ನೀರಿನಲ್ಲಿ 1.8ಕ್ಕಿಂತ ಹೆಚ್ಚಿದ್ದರೆ ಮೊತ್ತ 1.4 ದಾಟುತ್ತೆ, ಕಡಿಮೆ ಇರೋ ಬಾಟಲಿ ಆರಿಸಿಕೊಳ್ಳಿ.

ಎರಡನೆಯದು ನನಗೆ ಬಹಳ ಇಷ್ಟವಾದದ್ದು. 20 ಲೀಟರ್ ಕ್ಯಾನೂ ಫೋನಿನ ಸ್ಟಾಪ್‌ವಾಚೂ ಹಿಡಿದು ಶುದ್ಧ ನೀರು ಎಷ್ಟು ಸೆಕೆಂಡಿಗೆ ತುಂಬುತ್ತೆ, ವೇಸ್ಟ್ ನೀರು ಎಷ್ಟಕ್ಕೆ ಅಂತ ಬರೆದುಕೊಳ್ಳಿ. ಒಳಗೆ ಹೋದ ಫ್ಲೋರೈಡ್ ಎಲ್ಲೂ ಮಾಯವಾಗಲ್ಲ, ಎರಡು ಪೈಪಿನಲ್ಲಿ ಹೊರಗೆ ಬರಲೇಬೇಕು. ಉದಾಹರಣೆಗೆ ಬೋರ್ ನೀರಿನಲ್ಲಿ 2.0, ಅರ್ಧ ಶುದ್ಧವಾಗಿ ಅರ್ಧ ವೇಸ್ಟ್ ಆಗುತ್ತಿದೆ, ಶುದ್ಧ ನೀರಿನಲ್ಲಿ 0.2 ಅಂದರೆ ವೇಸ್ಟಿನಲ್ಲಿ 3.8 ಇರಬೇಕು. ನಿಮಗೆ 2.6 ಬಂದರೆ ಎಲ್ಲೋ ತಪ್ಪಿದೆ, ಬಹುಪಾಲು ಐದು ಪಟ್ಟು ತೆಳು ಮಾಡುವಾಗಿನ ಪಿಪೆಟ್ ತಪ್ಪು. ತನ್ನ ಅಂಕಿಯನ್ನು ತಾನೇ ಹಿಡಿದು ಪರೀಕ್ಷಿಸೋದನ್ನು ಮಗು ಇಲ್ಲಿ ಕಲಿಯುತ್ತೆ, ಸಂಶೋಧನೆ ಶುರುವಾಗೋದು ಅಲ್ಲೇ.

ಹೋಗುವ ಮೊದಲು ಪಂಚಾಯಿತಿ ಪಿಡಿಒ ಅವರಿಗೆ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಪತ್ರ ಕೊಡಿ. ಮಿತಿ ದಾಟಿದ ಘಟಕ ಸಿಕ್ಕರೆ ವಾಟ್ಸಾಪಿಗೆ ಹಾಕುವ ಹಾಗಿಲ್ಲ. ಅದೇ ನೀರಿನ ಇನ್ನೊಂದು ಬಾಟಲಿಯನ್ನು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ, ಎರಡೂ ಅಂಕಿ ಇಟ್ಟುಕೊಂಡು ಪಿಡಿಒ ಅವರಿಗೆ ಬರೆದು ತಿಳಿಸಿ.

ಕೈವಾರ_ಕೆಮಿಸ್ಟ್ರಿ:

ತುಂಬಾ ಧನ್ಯವಾದ, ಇಷ್ಟು ವಿವರ ಸಿಗುತ್ತೆ ಅಂದುಕೊಂಡಿರಲಿಲ್ಲ. ಎರಡು ಸಂದೇಹ. ಎಂಟು ಮಕ್ಕಳೂ ಇದೇ ಮಾಡಬೇಕೇ? ಕೆಲವು ಘಟಕಗಳಲ್ಲಿ ರುಚಿಗಾಗಿ ಬೋರ್ ನೀರನ್ನೇ ಸ್ವಲ್ಪ ಬೆರೆಸುತ್ತಾರಂತೆ, ಆಗ ಲೆಕ್ಕ ತಪ್ಪಲ್ಲವೇ?

ನೀರ್_ಲೆಕ್ಕ:

ಬೆರೆಸುವ ವಾಲ್ವ್ ಇದ್ದರೆ ಅದಕ್ಕೆ ಮುಂಚೆ ಒಂದು, ಗ್ರಾಹಕರ ನಲ್ಲಿಯಲ್ಲಿ ಒಂದು, ಎರಡು ಬಾಟಲಿ ಹಿಡಿಯಿರಿ. ಮೇಲಿನ ತಾಳೆ ಲೆಕ್ಕಕ್ಕೆ ಮೊದಲನೆಯದು, ಆರೋಗ್ಯದ ಪ್ರಶ್ನೆಗೆ ಎರಡನೆಯದು. ಮುಂಚೆ ಹಿಡಿಯಲು ನಲ್ಲಿ ಇಲ್ಲದಿದ್ದರೆ ಆ ಘಟಕಕ್ಕೆ ತಾಳೆ ನೋಡೋದು ಬಿಡಿ, "ಬೆರಕೆ ಇದೆ" ಅಂತ ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಎಂಟು ಜನ ಒಂದೇ ಕಲರಿಮೀಟರ್ ಮುಂದೆ ನಿಂತರೆ ಆರು ಜನ ಕೈಕಟ್ಟಿ ನೋಡುತ್ತಾರೆ. ನಾಲ್ಕು ಜನ ಇದನ್ನು ಮಾಡಲಿ. ಉಳಿದ ನಾಲ್ವರಿಗೆ: ಕ್ಯಾಲ್ಸಿಯಂ ಕಡಿಮೆ ಇರೋ ಬೋರುಗಳಲ್ಲಿ ಫ್ಲೋರೈಡ್ ಹೆಚ್ಚೇ? ನಮ್ಮದು ಗ್ರಾನೈಟ್ ನೆಲ, ಕಲ್ಲಿನಿಂದ ಬಿಟ್ಟ ಫ್ಲೋರೈಡನ್ನು ಕ್ಯಾಲ್ಸಿಯಂ ಹಿಡಿದು ಕ್ಯಾಲ್ಸಿಯಂ ಫ್ಲೋರೈಡ್ ಆಗಿ ಕೂರಿಸುತ್ತೆ. ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಿಯಂ ಬೈಕಾರ್ಬನೇಟ್ ಹೆಚ್ಚಿರುವ ನೀರಿನಲ್ಲಿ ಫ್ಲೋರೈಡ್ ಕರಗಿಯೇ ಉಳಿಯುತ್ತೆ. ಬೇಳೆ ಚೆನ್ನಾಗಿ ಬೇಯುತ್ತೆ, ಸೋಪು ಚೆನ್ನಾಗಿ ನೊರೆ ಬರುತ್ತೆ ಅಂತ ಜನ ಇಷ್ಟಪಡುವ ನೀರು ಇಂಥದ್ದೇ ಆಗಿರಬಹುದು. ಕ್ಯಾಲ್ಸಿಯಂಗೆ ಮ್ಯುರೆಕ್ಸೈಡ್ ಸೂಚಕ ಹಾಕಿ ಪಿಹೆಚ್ 12-13ರಲ್ಲಿ ಇಡಿಟಿಎ ಟೈಟ್ರೇಷನ್. ಟೈಟ್ರೇಷನ್ ಅವರಿಗೆ ಗೊತ್ತಿರೋದೇ. 30 ಬೋರು ಸಾಕು, ಒಂದೊಂದಕ್ಕೂ ಒಂದು ಚುಕ್ಕಿ ಹಾಕಿದ ಗ್ರಾಫೇ ಉತ್ತರ. ಇವರ ಫ್ಲೋರೈಡ್ ಅಳತೆಗೆ ಇನ್ನೊಂದು ಲೀಟರ್ ರೀಏಜೆಂಟ್ ಬೇಕು, ಎರಡು ಲೀಟರನ್ನೂ ಒಟ್ಟಿಗೇ ಮಾಡಿ ಒಂದೇ ಪಾತ್ರೆಯಲ್ಲಿ ಬೆರೆಸಿಡಿ. ಮೋಟಾರ್ ಆನ್ ಮಾಡಿದ ಕೂಡಲೇ ಹಿಡಿಯಬೇಡಿ, ಪೆನ್ನಿನ ಅಂಕಿ ಒಂದೇ ಕಡೆ ನಿಲ್ಲುವ ತನಕ ನೀರು ಬಿಡಿ, ಸಾಮಾನ್ಯವಾಗಿ ಐದು-ಹತ್ತು ನಿಮಿಷ.

ಮುಖವೀಣೆ (ತಿಪಟೂರು) ಉತ್ತರ:

ಬಿಎ ಮಕ್ಕಳ ಬಗ್ಗೆ. "ಜನಪದ ಕಲೆಗಳು" ಅನ್ನೋದನ್ನು ಒಂದು ಮೇಳ, ಒಂದು ಪ್ರಸಂಗ, ಒಂದು ಪ್ರಶ್ನೆಗೆ ಇಳಿಸಿ. ಹತ್ತಿರದಲ್ಲಿ ಮೂಡಲಪಾಯ ಯಕ್ಷಗಾನದ ತಂಡ ಇದ್ದರೆ: ಭಾಗವತರು ಪದ ಎತ್ತಿದ ಮೇಲೆ ಮುಖವೀಣೆ (ಊದುವ ಚಿಕ್ಕ ವಾದ್ಯ) ಎಲ್ಲಿ ಅವರ ಹಿಂದೆ ಹೋಗುತ್ತೆ, ಎಲ್ಲಿ ಮುಂದೆ ಹೋಗುತ್ತೆ? ನಿಮ್ಮ ಕಡೆಗಾದರೆ ಸಂತಕವಿ ಕೈವಾರ ತಾತಯ್ಯನವರ ಪದಗಳು ಮನೆಬಾಗಿಲಲ್ಲೇ ಇವೆ, ತೆಲುಗಿನಲ್ಲೂ ಕನ್ನಡದಲ್ಲೂ. ಒಂದೇ ಭಜನೆ ತಂಡ ತೆಲುಗು ಪದ ಹಾಡುವಾಗ, ಕನ್ನಡ ಪದ ಹಾಡುವಾಗ ಉಚ್ಚಾರಣೆ, ತಾಳ ಏನಾಗುತ್ತೆ ಅಂತ ಕೇಳಿಸುವ 12 ನಿಮಿಷದ ಆಡಿಯೋ ಮಾಡಿದರೆ ಅದು ನಿಜವಾಗಿ ಹೊಸ ಕೆಲಸ. ನಿಮ್ಮ ಮಕ್ಕಳಿಗೆ ಎರಡೂ ಭಾಷೆ ಕಿವಿಗೆ ಬೀಳುತ್ತೆ, ಹೊರಗಿನವರಿಗೆ ಇಲ್ಲದ ಅನುಕೂಲ ಅದು. ದಯವಿಟ್ಟು ಬಿಟ್ಟುಕೊಡಬೇಡಿ.

ರೆಕಾರ್ಡಿಂಗ್: 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. ಸ್ಟೀರಿಯೋದಲ್ಲಿ ಗಂಟೆಗೆ ಸುಮಾರು 1 ಜಿಬಿ, 32 ಜಿಬಿ ಕಾರ್ಡಿನಲ್ಲಿ ಇಡೀ ರಾತ್ರಿಯ ಆಟ ಆರಾಮಾಗಿ ಹಿಡಿಯುತ್ತೆ. ಮಟ್ಟ ಮೈನಸ್ 12 ಡೆಸಿಬೆಲ್ ಸುತ್ತ ಇರಲಿ. ಮದ್ದಳೆಯ ಒಂದು ಪೆಟ್ಟಿಗೆ ಸೊನ್ನೆ ಮುಟ್ಟಿದರೆ ಆ ಒಡಕನ್ನು ಆಮೇಲೆ ಯಾವ ಸಾಫ್ಟ್‌ವೇರೂ ಸರಿಮಾಡಲ್ಲ. ಆಟದ ದಿನ ಜನರೇಟರ್ ಗುಂಯ್‌ಗುಟ್ಟುವ ಸದ್ದು, ಹಾರ್ನ್ ಸ್ಪೀಕರಿನ ಕೀರಲು ಸೇರಿ ಮುಖವೀಣೆ ಕೇಳಿಸೋದೇ ಇಲ್ಲ. ಅದಕ್ಕೆ ಹಗಲು ಅಭ್ಯಾಸದ ಹೊತ್ತಲ್ಲಿ, ಮೈಕ್ ಸೆಟ್ ಇಲ್ಲದೆ, ಕಲಾವಿದರಿಂದ ಒಂದೂವರೆ ಮೀಟರ್ ದೂರದಲ್ಲಿಟ್ಟು ರೆಕಾರ್ಡ್ ಮಾಡಿ. ಹೊರಡುವ ಮೊದಲು ಯಾರೂ ಮಾತಾಡದೆ ಒಂದು ನಿಮಿಷ ಆ ಜಾಗದ ಮೌನವನ್ನೂ ಹಿಡಿಯಿರಿ, ಎಡಿಟ್ ಮಾಡುವಾಗ ತುಂಡುಗಳ ನಡುವೆ ಹಾಕಲು ಅದು ಬೇಕೇ ಬೇಕು. ಅದೇ ರಾತ್ರಿ ಎರಡು ಕಡೆ ಕಾಪಿ ಮಾಡಿ, ಮೂಲ ಫೈಲನ್ನು ಮುಟ್ಟಬೇಡಿ.

ಒಪ್ಪಿಗೆ ಬಾಯಿಮಾತಲ್ಲಿದ್ದರೆ ಅದನ್ನೂ ರೆಕಾರ್ಡ್ ಮಾಡಿ: ಹೆಸರು, ದಿನ, ಎಲ್ಲಿ ಕೇಳಿಸುತ್ತೇವೆ, ಯೂಟ್ಯೂಬಿಗೆ ಹಾಕುತ್ತೇವೋ ಇಲ್ಲವೋ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡಿದವರಿಗೂ ಕುಣಿದವರಿಗೂ ಕಲಾವಿದರ ಹಕ್ಕು ಇದೆ, 50 ವರ್ಷದ ತನಕ. "ಜನಪದ ತಾನೇ, ಯಾರದ್ದೂ ಅಲ್ಲ" ಅನ್ನೋದು ತಪ್ಪು. ಕಲಾವಿದರ ಒಂದು ದಿನದ ಕೂಲಿಯನ್ನೂ ಬಜೆಟ್ಟಿನಲ್ಲಿ ಮೊದಲ ಸಾಲಾಗಿ ಬರೆಯಿರಿ.

ಬರಹಕ್ಕಿಳಿಸುವಾಗ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಅವರು "ಬತ್ತೀನಿ" ಅಂದರೆ "ಬತ್ತೀನಿ" ಅಂತಲೇ. ತೆಲುಗು ಸಾಲನ್ನು ಕನ್ನಡ ಲಿಪಿಯಲ್ಲಿ ಬರೆದು ಕೆಳಗೆ ಅರ್ಥ ಕೊಡಿ. ಹತ್ತು ನಿಮಿಷದ ಮಾತಿಗೆ ಒಂದು ಗಂಟೆ ಹಿಡಿಯುತ್ತೆ, ಹಾಗಾಗಿ ಎಲ್ಲವನ್ನೂ ಬರೆಯಲು ಹೋಗದೆ ಆರಿಸಿದ 40 ನಿಮಿಷ ಮಾತ್ರ.

ಅಂಕದ ವಿಚಾರ. ಕೊನೆಯ ಆಡಿಯೋಗೆ 100ಕ್ಕೆ 30ಕ್ಕಿಂತ ಹೆಚ್ಚು ಇಡಬೇಡಿ. ಒಳ್ಳೆ ಫೋನ್ ಇರೋ ಮಗು, ಎಡಿಟಿಂಗ್ ಬಲ್ಲ ಅಣ್ಣ ಇರೋ ಮಗು ಅಲ್ಲಿ ಗೆದ್ದುಬಿಡುತ್ತೆ. ದಿನಚರಿ ನೋಟ್‌ಬುಕ್ಕಿಗೆ 30, ಬರಹಕ್ಕಿಳಿಸಿದ್ದಕ್ಕೆ 15, ಎರಡು ಕರಡುಗಳ ನಡುವೆ ಏನನ್ನು ಯಾಕೆ ಕಿತ್ತುಹಾಕಿದೆ ಅಂತ ಹೇಳುವ 1,500 ಪದದ ಟಿಪ್ಪಣಿಗೆ 15, ವೈವಾಕ್ಕೆ 10. 10ನೇ ವಾರಕ್ಕೆ ಮೊದಲ ಕರಡು ಕೇಳಿಸಲೇಬೇಕು, ಅದೂ ಆ ಕಲಾವಿದರ ಮುಂದೆ.

ಟಮಕ_ರಸ್ತೆ:

ಮುಖವೀಣೆಯವರು ಹೇಳಿದ ನೋಟ್‌ಬುಕ್ ವಿಚಾರ ವಿಜ್ಞಾನದ ಮಕ್ಕಳಿಗೂ ಸೇರುತ್ತೆ. ಪುಟಕ್ಕೆ ನಂಬರ್ ಹಾಕಿದ ಗಟ್ಟಿ ರಟ್ಟಿನ ಬುಕ್ಕು, ಪೆನ್ನಿನಲ್ಲೇ ಬರವಣಿಗೆ, ತಪ್ಪಿಗೆ ಒಂದೇ ಗೆರೆ, ವೈಟ್ನರ್ ಇಲ್ಲ, ಪ್ರತಿ ಶನಿವಾರ ನಿಮ್ಮ ಸಹಿ. ಬಿಡಿ ಹಾಳೆಯಲ್ಲಿ ಬರೆದು ಆಮೇಲೆ "ಚೆನ್ನಾಗಿ" ನಕಲು ಮಾಡೋದನ್ನು ಮೊದಲ ದಿನವೇ ನಿಲ್ಲಿಸಿ. ನಕಲು ಮಾಡುವಾಗಲೇ ಹೊಂದದ ಅಂಕಿ ಬಿಟ್ಟುಹೋಗೋದು. ವರದಿ 20 ಪುಟ ದಾಟಬಾರದು. ಬೇರೆಯವರ ಬರಹದ ಹೋಲಿಕೆ ಶೇ. 10ರೊಳಗೆ, ಯುಜಿಸಿಯ 2018ರ ನಿಯಮದಲ್ಲಿ ಅಲ್ಲಿಯ ತನಕ ದಂಡ ಇಲ್ಲ.

ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್ಸ್‌ಪೈರ್ ವಿದ್ಯಾರ್ಥಿವೇತನ ಪಡೆಯುವ ಮಕ್ಕಳು ನಿಮ್ಮಲ್ಲಿದ್ದರೆ ವಿಚಾರಿಸಿ. ವರ್ಷಕ್ಕೆ 80,000ದಲ್ಲಿ 20,000 ಬೇಸಿಗೆ ಪ್ರಾಜೆಕ್ಟಿಗೇ ಮೀಸಲು, ವರದಿ ಕೊಡಬೇಕು ಅನ್ನೋದು ಹಳ್ಳಿ ಕಾಲೇಜಿನ ಎಷ್ಟೋ ಮಕ್ಕಳಿಗೆ ಗೊತ್ತಿರಲ್ಲ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಫೆಲೋಶಿಪ್ಪಿಗೂ ಹಾಕಿಸಿ, ಎರಡು ತಿಂಗಳು ದೊಡ್ಡ ಲ್ಯಾಬಿನಲ್ಲಿ ಕೆಲಸ. ಇದು ಎರಡನೇ ವರ್ಷದ ಮಕ್ಕಳಿಗೆ ಹೆಚ್ಚು ಉಪಯೋಗ, ಹಾಗಾಗಿ ಈ ಶನಿವಾರಗಳಿಗೆ ಅವರಲ್ಲಿ ಇಬ್ಬರನ್ನು ಸಹಾಯಕರಾಗಿ ಸೇರಿಸಿಕೊಳ್ಳಿ. ಮುಂದಿನ ವರ್ಷದ ತಂಡಕ್ಕೆ ಗ್ರಾಫ್ ಹಾಕಿಕೊಡೋರು ಅವರೇ.

ಕೈವಾರ_ಕೆಮಿಸ್ಟ್ರಿ:

ಎಲ್ಲ ಬರೆದುಕೊಂಡೆ. ತಾತಯ್ಯನವರ ಪದಗಳ ವಿಷಯ ಹೇಳಿದ ಕೂಡಲೇ ಬಿಎ ಮಕ್ಕಳು ಒಪ್ಪಿದರು. ಕೊನೆಯದೊಂದು: ಲ್ಯಾಬಿನಲ್ಲಿ ಗಾಜಿನ ರೀಏಜೆಂಟ್ ಬಾಟಲಿ ರಾಶಿ ಇದೆ, ಸ್ಯಾಂಪಲಿಗೆ ಅದನ್ನೇ ಬಳಸಬಹುದೇ? ಅಂಗಡಿಯ ಖಾಲಿ ನೀರಿನ ಬಾಟಲಿ?

ನೀರ್_ಲೆಕ್ಕ:

ಗಾಜು ಬೇಡ, ಫ್ಲೋರೈಡ್ ಗಾಜಿನ ಜೊತೆ ಪ್ರತಿಕ್ರಿಯಿಸುತ್ತೆ. ಸ್ಟ್ಯಾಂಡರ್ಡನ್ನೂ ಪ್ಲಾಸ್ಟಿಕ್‌ನಲ್ಲೇ ಇಡಿ. ಅಳೆಯುವ ಹೊತ್ತಿನ ಪಿಪೆಟ್, ಫ್ಲಾಸ್ಕ್ ಗಾಜಿನದಾದರೆ ಪರವಾಗಿಲ್ಲ. 500 ಮಿಲಿಯ ಪಾಲಿಥೀನ್ ಬಾಟಲಿ 20 ತೆಗೆದುಕೊಂಡರೆ ಒಂದು ಸುತ್ತಿನ 17ಕ್ಕೂ ಸಾಕಾಗಿ ಮೂರು ಉಳಿಯುತ್ತೆ. ಸೋಪಿನಿಂದಲ್ಲ, ಡಿಸ್ಟಿಲ್ಡ್ ನೀರಿನಿಂದ ತೊಳೆಯಿರಿ, ಸ್ಥಳದಲ್ಲಿ ಅದೇ ನೀರಿನಿಂದ ಮೂರು ಸಲ ಕಲಕಿ ಚೆಲ್ಲಿ ಆಮೇಲೆ ತುಂಬಿಸಿ. ನಂಬರನ್ನು ಮುಚ್ಚಳದ ಮೇಲೆ ಬರೆಯಬೇಡಿ, ಮುಚ್ಚಳ ಅದಲುಬದಲಾಗುತ್ತೆ. ಬಾಟಲಿಯ ಮೈಮೇಲೆ ಮಾರ್ಕರಿನಲ್ಲಿ ಬರೆದು ಮೇಲೆ ಸೆಲ್ಲೋಟೇಪ್ ಸುತ್ತಿ.